ಜೋಕುಮಾರನ ಬುಟ್ಟಿ ಭಿಕ್ಷೆಯ ಬುಟ್ಟಿಯಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಫೋಟೊ ಅಕ್ಕಪಕ್ಕ ಬಂದಿದ್ದವು. ಒಂದರಲ್ಲಿ ತಲೆ ಮೇಲೆ ಬುಟ್ಟಿ ಹೊತ್ತ ನಾಲ್ಕು ಜನ ಹೆಂಗಸರು. ಅದರ ಕೆಳಗೆ 'ಜೋಕುಮಾರನ ಹೆಸರಿನಲ್ಲಿ ಭಿಕ್ಷಾಟನೆ' ಎಂದು ಬರೆದಿದ್ದಿರಿ. ಇನ್ನೊಂದರಲ್ಲಿ ನಡುರಸ್ತೆಯಲ್ಲಿ ಉರಿಯುತ್ತಿರುವ ಹುಲ್ಲಿನ ಮನುಷ್ಯ, ಸುತ್ತ ಕರೀ ಹೊಗೆ. ಅದರ ಕೆಳಗೆ 'ಪ್ರತಿಕೃತಿ ದಹಿಸಿ ಆಕ್ರೋಶ' ಎಂದಿತ್ತು.

ನಾನು ನರಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಹುಟ್ಟಿದ್ದು ಮಲಪ್ರಭಾ ದಂಡೆಯ ಅಂಬಿಗರ ಮನೆಯಲ್ಲಿ. ಮಳೆ ತರುವ ದೇವರೆಂದು ನಾವು ಮಣ್ಣಿನಲ್ಲಿ ಮಾಡುವ ಜೋಕುಮಾರನ ಬುಟ್ಟಿಯನ್ನು ಹನ್ನೊಂದು ವರ್ಷ ಹೊತ್ತಿದ್ದೇನೆ. ರಸ್ತೆಯಲ್ಲಿ ಸುಡುವ ಹುಲ್ಲಿನ ಮನುಷ್ಯನನ್ನೂ ಒಮ್ಮೆ ನನ್ನ ಕೈಯಾರೆ ಮಾಡಿಕೊಟ್ಟಿದ್ದೇನೆ. ಆ ಎರಡೂ ಫೋಟೊ ನೋಡಿ ಸುಮ್ನೆ ಕೂರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಬುಟ್ಟಿಯ ವಿಷಯ.

ನಮ್ಮ ಕಡೆ ಮುಂಗಾರು ಶುರುವಾದರೆ ಮಣ್ಣಿನ ಪೂಜೆಗಳೂ ಶುರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಕೊನೆಗೆ ಭಾದ್ರಪದದ ಅಷ್ಟಮಿಗೆ ಜೋಕುಮಾರ. ಮೊದಲ ನಾಲ್ಕನ್ನು ಯಾರ ಮನೆಯಲ್ಲಾದರೂ ಮಾಡುತ್ತಾರೆ. ಜೋಕುಮಾರ ಮಾತ್ರ ಊರಿಗೆ ಒಬ್ಬನೇ. ಕೆಲವು ಊರಲ್ಲಿ ಬಡಿಗೇರರು ಮಾಡಿಕೊಡುತ್ತಾರೆ. ನಮ್ಮೂರಲ್ಲಿ ನಮ್ಮ ಅವ್ವನೇ ಮಾಡುತ್ತಿದ್ದಳು.

ಹೊಳೆ ದಂಡೆಯ ಎರೆಮಣ್ಣನ್ನು ಹಿಂದಿನ ದಿನವೇ ನೆನೆಸಿಡುತ್ತಿದ್ದಳು. ಬೆಳಗ್ಗೆ ಅದಕ್ಕೆ ಒಂದಿಷ್ಟು ಹತ್ತಿ ಸೇರಿಸಿ ತುಳಿಯುವ ಕೆಲಸ ನನ್ನದು. ಹತ್ತಿ ಇಲ್ಲದಿದ್ದರೆ ಒಣಗುವಾಗ ಎರೆಮಣ್ಣು ಸೀಳು ಬಿಡುತ್ತದೆ. ಅಗಲವಾದ ಮುಖ, ಹುರಿ ಮಾಡಿದ ಮೀಸೆ, ಕಣ್ಣಿಗೆ ಎರಡು ಬಿಳಿ ಜೋಳದ ಕಾಳು. ಗಂಡಸುತನದ ಗುರುತನ್ನೂ ದೊಡ್ಡದಾಗಿಯೇ ಮಾಡುತ್ತಿದ್ದಳು, ಅದಕ್ಕೆ ಮುಚ್ಚುಮರೆ ಇರಲಿಲ್ಲ. ಮಳೆ ತರುವವನು, ಬೆಳೆ ತರುವವನು, ಮಕ್ಕಳನ್ನು ಕೊಡುವವನು ಹಾಗೇ ಇರಬೇಕು ಎಂದು ನಮ್ಮವರ ನಂಬಿಕೆ. ಕೊನೆಗೆ ಬಾಯಿ. ಹೆಬ್ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮುಖದೊಳಗೆ ಆಳವಾಗಿ ಒತ್ತುತ್ತಿದ್ದಳು. ಅಷ್ಟು ದೊಡ್ಡ ಬಾಯಿ ಯಾಕವ್ವಾ ಅಂತ ಕೇಳಿದ್ದೆ.

'ಬಾಯಿ ಮುಚ್ಚಿದವ ಮ್ಯಾಲೆ ಹೋಗಿ ಏನ್ ಹೇಳ್ತಾನವ್ವಾ?' ಅಂದಳು.

ಅವಳ ಆ ಮಾತಿನಲ್ಲಿ ಇಡೀ ಜೋಕುಮಾರ ಇದ್ದಾನೆ. ನಮ್ಮವರು ಹೇಳುವ ಕತೆ ಹೀಗಿದೆ. ಚೌತಿಗೆ ಬಂದ ಗಣಪ್ಪ ಕಡುಬು, ಹೋಳಿಗೆ ಉಂಡು ತಂದೆತಾಯಿ ಹತ್ತಿರ ಹೋಗಿ ಭೂಮಿ ಮೇಲೆ ಎಲ್ಲ ಚಲೋ ಐತಿ ಎನ್ನುತ್ತಾನೆ. ಅವನ ಹಿಂದೆಯೇ ಬರುವ ತಮ್ಮ ಜೋಕುಮಾರ ಮನೆ ಮನೆ ತಿರುಗುತ್ತಾನೆ, ಒಣಗಿದ ಹೊಲ ನೋಡುತ್ತಾನೆ, ನುಚ್ಚು ಅಂಬಲಿ ಉಣ್ಣುತ್ತಾನೆ. ಏಳನೇ ದಿನ ಸತ್ತು ಮೇಲೆ ಹೋಗಿ, ಮಳೆಯಿಲ್ಲ, ಜನ ಕಷ್ಟದಲ್ಲಿದ್ದಾರೆ ಎಂದು ಇದ್ದದ್ದು ಇದ್ದ ಹಾಗೆ ಶಿವನಿಗೆ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ. ಹುಬ್ಬಿ ಮಳೆ ಮುಗಿದು ಉತ್ತರಿ ಮಳೆಗೆ ಕಾಯುವ ಹೊತ್ತದು. ಆ ಮಳೆ ಕೈಕೊಟ್ಟರೆ ಹಿಂಗಾರಿ ಜೋಳ, ಕಡಲೆ ಬಿತ್ತಲು ಹೊಲದಲ್ಲಿ ಹಸಿ ಇರುವುದಿಲ್ಲ. ನಮ್ಮ ಎರೆಹೊಲದವರಿಗೆ ಅದು ಏನು ಅಂತ ಗೊತ್ತು.

ಇಂಥವನನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ತಪ್ಪಲು ತುಂಬಿ, ಬಾಯಿಗೆ ಬೆಣ್ಣೆ ಒರೆಸಿ ಹೊರಡುತ್ತೇವೆ. ಏಳು ದಿನ, ಏಳು ಊರು. ಅಂಗಳದಲ್ಲಿ ಬುಟ್ಟಿ ಇಳಿಸಿ ಹಾಡುತ್ತೇವೆ. ಮನೆಯ ಹೆಣ್ಣುಮಕ್ಕಳು ಮೊರದಲ್ಲಿ ಜೋಳ, ಒಣಮೆಣಸಿನಕಾಯಿ, ಉಪ್ಪು ತಂದು ಕೊಡುತ್ತಾರೆ. ನಿಮ್ಮ ಫೋಟೊದವರು ನೋಡಿದ್ದು ಅಷ್ಟನ್ನೇ. ಅದಕ್ಕೆ ಪ್ರತಿಯಾಗಿ ನಾವು ಅದೇ ಮೊರದಲ್ಲಿ ಬೇವಿನ ಎಲೆ, ಒಂದು ಹಿಡಿ ನುಚ್ಚು ಹಾಕಿ ಕೊಡುತ್ತೇವೆ, ಮಕ್ಕಳ ಹಣೆಗೆ ಕಾಡಿಗೆ ಹಚ್ಚುತ್ತೇವೆ. ಆ ನುಚ್ಚನ್ನು ಅಂಬಲಿಯಲ್ಲಿ ಕಲಸಿ ರೈತರು ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಬೆಳೆಗೆ ಹುಳ ಬೀಳಬಾರದು ಎಂದು. ಮಕ್ಕಳಾಗದ ಸೊಸೆಯಂದಿರು ಬಾಗಿಲಲ್ಲಿ ನಿಂತು, ಅತ್ತೆ ಒಳಗೆ ಹೋದ ಮೇಲೆ ಬಂದು ಅವನ ತುಟಿಗೆ ಬೆಣ್ಣೆ ಹಚ್ಚಿ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಬ್ಬಳು ಬೆಣ್ಣೆ ಹಚ್ಚಿ, ಬಗ್ಗಿ, ಮಣ್ಣಿನ ಕಿವಿಯಲ್ಲಿ ಏನೋ ಹೇಳಿದಳು. ಏನು ಹೇಳಿದಳೋ ಕೇಳಲಿಲ್ಲ, ಕೇಳಲೂಬಾರದು. ಬುಟ್ಟಿ ಎತ್ತಿಕೊಂಡಾಗ ಭಾರ ಜಾಸ್ತಿಯಾದ ಹಾಗೆ ಅನಿಸಿತು. ಆಗ ನನಗೆ ಹದಿನೈದು ವರ್ಷ.

ಸಂಪಾದಕರೇ, ಕೊಟ್ಟು ತೆಗೆದುಕೊಳ್ಳುವುದಕ್ಕೆ ಭಿಕ್ಷೆ ಎನ್ನುವುದಿಲ್ಲ ಅಲ್ವಾ? ಪೂಜಾರಿ ತಟ್ಟೆ ಹಿಡಿದರೆ ದಕ್ಷಿಣೆ ಎಂದು ಬರೆಯುತ್ತೀರಿ. ಅಂಬಿಗರ ಹೆಣ್ಣುಮಕ್ಕಳು ಮೊರ ಹಿಡಿದರೆ ಭಿಕ್ಷೆ ಆಗುವುದು ಹೇಗೆ? ಆ ಪತ್ರಿಕೆ ಬಂದ ದಿನ ನಮ್ಮ ಅಣ್ಣನ ಮಗಳು, ಕಾಲೇಜು ಓದುವವಳು, ಮುಂದಿನ ವರ್ಷ ಬುಟ್ಟಿ ಹೊರುವುದಿಲ್ಲ ಎಂದಳು. ಅವಳ ಗೆಳತಿಯರು ಆ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದರಂತೆ. ಇದನ್ನು ಓದಿ ನಿಮಗೆ ಬೇಜಾರಾಗಲಿ ಅಂತ ಬರೆಯುತ್ತಿಲ್ಲ. ಮೂರು ಪದದ ಶೀರ್ಷಿಕೆ ಒಂದು ಮನೆಯೊಳಗೆ ಹೋಗಿ ಏನು ಮಾಡುತ್ತದೆ ಅನ್ನುವುದು ನಿಮಗೆ ತಿಳಿಯಲಿ.

ಹುಣ್ಣಿಮೆಯ ರಾತ್ರಿಯ ವಿಷಯ ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಜೋಕುಮಾರ ಒಳ್ಳೆಯವನೂ ಹೌದು, ಪೋಲಿಯೂ ಹೌದು. ಅಗಸರ ಮನೆಯ ಹೆಣ್ಣಿನ ಮೇಲೆ ಕೈಹಾಕಲು ಹೋದ ಎಂದು ಅವರ ಮನೆಯವರು ಅವನನ್ನು ಕೊಂದರು ಎಂದು ಕತೆ. ನಮ್ಮೂರಲ್ಲಿ ಆ ರಾತ್ರಿ ಬುಟ್ಟಿಯ ಸುತ್ತ ಮುಳ್ಳು ಹಾಕುತ್ತಾರೆ. ಹೆಂಗಸರು ಸುತ್ತು ಹಾಕಿ ಹಾಡುತ್ತಾರೆ. ಸೀರೆ ಮುಳ್ಳಿಗೆ ಸಿಕ್ಕಿದರೆ ಜೋಕುಮಾರ ಹಿಡಿದೆಳೆದ ಎಂದು ಕೂಗುತ್ತಾರೆ. ಅಷ್ಟರಲ್ಲಿ ಗಂಡಸರು ಒನಕೆ ತಂದು ಬಡಿಯುತ್ತಾರೆ. ತಲೆ ಒಡೆದ ಸಪ್ಪಳ ಕೇಳಿದ ಕೂಡಲೇ ನಾವು ಹಿಂದೆ ತಿರುಗಿ ನೋಡದೆ ಮನೆಗೆ ಓಡಬೇಕು. ಮುರಿದ ಚೂರುಗಳನ್ನು ಹೊಳೆ ದಂಡೆಯಲ್ಲಿ ಅಗಸರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಬರುತ್ತಾರೆ. ಆಮೇಲೆ ಮೂರು ದಿನ ಅಗಸರು ಆ ಕಲ್ಲಿನ ಹತ್ತಿರ ಹೋಗುವುದಿಲ್ಲ.

ಮನೆಗೆ ಬಂದು ಅವ್ವ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಪ್ರತಿ ವರ್ಷ, ನಿಜವಾದ ಅಳು. ತಾನೇ ಮಾಡಿದ್ದು, ಏಳನೇ ದಿನ ಒಡೆಯುತ್ತಾರೆ ಅಂತ ಗೊತ್ತಿದ್ದೇ ಮಾಡಿದ್ದು. ಆದರೂ ಅಳುತ್ತಿದ್ದಳು. ನಾನು ದೊಡ್ಡವಳಾದ ಮೇಲೆ ಈ ಕತೆಯಲ್ಲಿ ಇನ್ನೊಂದು ಮಾತು ಕಂಡಿತು. ಶಿವನ ಮಗ ಅಂತ ಊರು ಅವನನ್ನು ಬಿಡಲಿಲ್ಲ. ಬೆಣ್ಣೆ ತಿನ್ನಿಸಿದ ಕೈಗಳೇ ಹೆಣ್ಣಿನ ತಂಟೆಗೆ ಹೋದಾಗ ಒನಕೆ ಎತ್ತಿದವು. ಬಟ್ಟೆ ಒಗೆಯುವ ಮನೆಯ ಹೆಣ್ಣಿನ ಮಾನ ದೇವರ ಮಗನಿಗಿಂತ ದೊಡ್ಡದು ಎಂದು ಪ್ರತಿ ವರ್ಷ ಊರಿನ ಮುಂದೆ ತೋರಿಸುವ ಹಬ್ಬ ಇದು. ನನ್ನ ಅಂಗನವಾಡಿಯ ತಾಯಂದಿರಿಗೆ ನಾನು ಹೀಗೇ ಹೇಳುತ್ತೇನೆ.

ಇನ್ನು ಹುಲ್ಲಿನ ಮನುಷ್ಯನ ವಿಷಯ.

ಮಹದಾಯಿ ಹೋರಾಟ ನಿಮಗೆ ಗೊತ್ತೇ ಇದೆ. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿಗೆ ಕೂತರು. ಕಳಸಾ ಬಂಡೂರಿ ನಾಲೆಯಿಂದ ಮಲಪ್ರಭೆಗೆ ನೀರು ತನ್ನಿ ಎನ್ನುವುದೇ ಬೇಡಿಕೆ. ಒಂದು ವರ್ಷ ಕೂತ ಮೇಲೆ, 2016ರ ಜುಲೈ 27ರಂದು ಮಹದಾಯಿ ನೀರಿನ ವ್ಯಾಜ್ಯ ವಿಚಾರಿಸುತ್ತಿದ್ದ ನ್ಯಾಯಮಂಡಳಿ ಕರ್ನಾಟಕ ಕೇಳಿದ್ದ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನಮ್ಮೂರಿಗೆ ಸುದ್ದಿ ಬಂದದ್ದು ಸಂಜೆ. ಅಂದು ರಾತ್ರಿ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಮರುದಿನ ನನ್ನ ತಮ್ಮ ಒಂದು ಗೋಣಿಚೀಲ, ಹಳೇ ಪ್ಯಾಂಟು ತಂದು ಮುಂದೆ ಹಾಕಿದ. 'ಅಕ್ಕಾ, ನಿನಗ ಗೊಂಬಿ ಮಾಡೂದು ಬರ್ತೈತಿ. ಒಂದು ಮಾಡಿಕೊಡು' ಎಂದ. ಯಾರದ್ದು ಎಂದು ಕೇಳಿದೆ. 'ನೀರು ಕೊಡದವರದ್ದು' ಎಂದ.

ಮಾಡಿಕೊಟ್ಟೆ. ಜೋಳದ ಕಣಿಕೆಯನ್ನು ಪ್ಯಾಂಟಿನೊಳಗೆ ತುಂಬಿ ಕಾಲು ಮಾಡಿದೆ. ಕಣಿಕೆ ಗಟ್ಟಿ, ನಿಲ್ಲಲು ಒಳ್ಳೆಯದು. ಹೊಟ್ಟೆಗೆ ಹೊಟ್ಟು ತುಂಬಿದೆ. ತಲೆಗೆ ಗೋಣಿಚೀಲದ ಮೂಲೆ ಕಟ್ಟಿ, ಇದ್ದಿಲಿನಿಂದ ಕಣ್ಣು ಮೂಗು ಬರೆದೆ. ಬಾಯಿ ಬರೆಯುವಾಗ ಕೈ ತಡೆಯಿತು. ಅವ್ವನ ಮಾತು ನೆನಪಾಯಿತು. ತೆರೆದ ಬಾಯಿ ಬರೆಯಲೋ, ಮುಚ್ಚಿದ ಬಾಯಿ ಬರೆಯಲೋ? ಕೊನೆಗೆ ಒಂದು ಗೆರೆ ಎಳೆದು ಬಿಟ್ಟೆ, ಮುಚ್ಚಿದ ಬಾಯಿ. ನಮ್ಮ ಮಾತಿಗೆ ಉತ್ತರ ಕೊಡದವನ ಬಾಯಿ ಅದು.

ತಮ್ಮ ಅದಕ್ಕೆ ಹಾಕಲು ಚಪ್ಪಲಿಯ ಹಾರ ಮಾಡಿಟ್ಟಿದ್ದ. ನಾನು ಬೇಡ ಎಂದೆ. ಕಣ್ಣು ಬರೆದ ಮೇಲೆ ಗೊಂಬೆಯನ್ನು ಕೈಯಲ್ಲೇ ಮುಟ್ಟಬೇಕು, ಕಾಲಲ್ಲಿ ಮುಟ್ಟಬಾರದು ಎನ್ನುವುದು ನಮ್ಮ ಮನೆಯ ರೂಢಿ. ಅದನ್ನು ಒಡೆಯಿರಿ, ಸುಡಿ, ಹೊಳೆಗೆ ಬಿಡಿ. ಅವಮಾನ ಮಾಡಬೇಡಿ. ತಮ್ಮ ಸಿಟ್ಟಿನಿಂದ, 'ಅಕ್ಕಾ, ನಮ್ಮ ಮಾತು ಅವರಿಗೆ ಮುಟ್ಟಬೇಕಲ್ಲ' ಎಂದ.

ಆ ಮಾತು ಕೇಳಿ ನಾನು ಸುಮ್ಮನಾದೆ. ಜೋಕುಮಾರನನ್ನು ಮಾಡುವುದೂ ಅದಕ್ಕೇ ತಾನೇ. ಮೇಲೆ ಇರುವವರ ಹತ್ತಿರ ನಾವು ಹೋಗಲಾಗದು, ನಮ್ಮ ಪರವಾಗಿ ಒಂದು ಗೊಂಬೆ ಹೋಗಬೇಕು. ಎರಡೂ ನೀರಿಗಾಗಿಯೇ. ನಿಮ್ಮ ಪುಟದಲ್ಲಿ ಆ ಎರಡು ಫೋಟೊ ಅಕ್ಕಪಕ್ಕ ಬಂದದ್ದು ನೋಡಿ ನನಗೆ ಮೊದಲು ಹೊಳೆದದ್ದೇ ಇದು.

ಆದರೆ ಆ ಗೊಂಬೆಯನ್ನು ಸುಡುವುದನ್ನು ನೋಡಲು ಹೋಗಿ ನಾನು ತಪ್ಪು ಮಾಡಿದೆ. ಮೊದಲು ಅಣಕು ಶವಯಾತ್ರೆ. ಚಟ್ಟದ ಮೇಲೆ ಅದನ್ನು ಮಲಗಿಸಿ, ಮುಂದೆ ಒಬ್ಬರು ಮಡಕೆ ಹಿಡಿದು, ಹಿಂದೆ ಹೆಂಗಸರು ಬಾಯಿ ಬಡಿದುಕೊಂಡು ಅಳಬೇಕು. 'ಅಕ್ಕಾ, ನೀವೂ ಬರ್ರಿ' ಎಂದು ಕರೆದರು. ನನ್ನಿಂದ ಆಗಲಿಲ್ಲ. ಯಾಕೆ ಎಂದು ಅವತ್ತು ಯಾರಿಗೂ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ.

ನಮ್ಮ ದೊಡ್ಡಪ್ಪ ಹೊಳೆಯಲ್ಲಿ ಹೋದವನು. ನಾನು ಆಗ ನಾಲ್ಕನೇ ಇಯತ್ತೆ. ಹೊಳೆ ಬಂದಿತ್ತು, ಕೊಚ್ಚಿಹೋಗುತ್ತಿದ್ದ ಯಾರದೋ ಎಮ್ಮೆಕರು ಹಿಡಿಯಲು ಇಳಿದ, ಮೇಲೆ ಬರಲಿಲ್ಲ. ಒಂಬತ್ತು ದಿನ ನಮ್ಮವರು ದಂಡೆ ಗುಂಟ ಹುಡುಕಿದರು. ಹೆಣ ಸಿಗಲಿಲ್ಲ. ಹೆಣ ಇಲ್ಲದೆ ಮಣ್ಣು ಕೊಡುವುದು ಹೇಗೆ, ಮಣ್ಣು ಕೊಡದೆ ದಿನ ಮಾಡುವುದು ಹೇಗೆ? ದೊಡ್ಡವ್ವ ಬಳೆಯನ್ನೂ ತೆಗೆದಿರಲಿಲ್ಲ, ಉಂಡೂ ಇರಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಹತ್ತನೇ ದಿನ ಹಿರಿಯರು ಗೊಂಬೆ ಮಾಡಿ ಎಂದರು. ಶಾಸ್ತ್ರ ಓದಿದವರಲ್ಲಿ ಮುತ್ತುಗದ ಎಲೆಯಿಂದ, ದರ್ಭೆಯಿಂದ ಮನುಷ್ಯನ ಆಕಾರ ಮಾಡಿ ಸಂಸ್ಕಾರ ಮಾಡುವ ಪದ್ಧತಿ ಇದೆ, 360 ಎಲೆಗಳ ಲೆಕ್ಕವೂ ಇದೆ. ನಮ್ಮ ಮನೆಯಲ್ಲಿ ಅವ್ವ ಜೋಳದ ಹಿಟ್ಟಿನಿಂದ ಮಾಡಿದಳು.

ಒಂದು ಮೊಳ ಉದ್ದ ಇತ್ತು ಅದು. ದೊಡ್ಡಪ್ಪನ ಧೋತರ ಹರಿದು ಉಡಿಸಿದರು. ದೊಡ್ಡವ್ವ ಎದ್ದು ಬಂದು ಅದರ ಬಾಯಲ್ಲಿ ಒಂದು ಚೂರು ಎಲೆ ಅಡಿಕೆ ಇಟ್ಟಳು, ಅವನು ಯಾವಾಗಲೂ ಜಗಿಯುತ್ತಿದ್ದ. ಇಟ್ಟ ಕೂಡಲೇ, ಹತ್ತು ದಿನದಿಂದ ಬಾರದ ಅಳು ಬಂತು ಅವಳಿಗೆ. ಆ ಹಿಟ್ಟಿನ ಗೊಂಬೆಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅದರ ಒಂದು ಕೈ ಮುರಿಯಿತು. ಅವ್ವ ನೀರು ಮುಟ್ಟಿಸಿ ಮತ್ತೆ ಅಂಟಿಸಿದಳು. ಆಮೇಲೆ ಮಣ್ಣು ಕೊಟ್ಟರು.

ಇದನ್ನು ನೋಡಿದವಳು ನಾನು, ಚಟ್ಟದ ಮೇಲಿನ ಗೊಂಬೆಗೆ ಸುಳ್ಳು ಅಳು ಅಳುವುದು ಹೇಗೆ? ಹೋರಾಟದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಷ್ಟ ನಿಜ, ಸಿಟ್ಟೂ ನಿಜ. 2018ರ ತೀರ್ಪಿನಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಎಂದು ಬಂತು, ಅದರಲ್ಲಿ ಕಳಸಾ ಬಂಡೂರಿಗೆ 3.90. ಅಷ್ಟು ಸಿಗಲಿಕ್ಕೂ ಎಷ್ಟು ಜನ ಬೀದಿಯಲ್ಲಿ ಕೂರಬೇಕಾಯಿತು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಪ್ರತಿಕೃತಿ ಸುಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನುಷ್ಯನ ಮೈ ಮುಟ್ಟದೆ ಸಿಟ್ಟು ತೋರಿಸಲು ಬಡವನಿಗೆ ಇರುವ ದಾರಿ ಅದು. ಮನುಷ್ಯನನ್ನು ಹೊಡೆಯುವ ಬದಲು ಹುಲ್ಲನ್ನು ಸುಡುವುದು ಸಾವಿರ ಪಾಲು ಮೇಲು.

ನನ್ನ ಕೋರಿಕೆ ಸಣ್ಣದು, ಟೈರ್ ಹಾಕಬೇಡಿ. ಅವತ್ತು ನಾನು ತುಂಬಿದ ಕಣಿಕೆ, ಹೊಟ್ಟು ಐದು ನಿಮಿಷದಲ್ಲಿ ಉರಿದು ಬೂದಿಯಾಯಿತು. ಅದರ ಕೆಳಗೆ ಹಾಕಿದ್ದ ಎರಡು ಟೈರ್ ಮಾತ್ರ ಒಂದು ತಾಸು ಉರಿದವು. ರಸ್ತೆ ಬದಿಯಲ್ಲಿ ಸೊಪ್ಪು ಮಾರುವ ಮುದುಕಿಯೊಬ್ಬಳು ಸೆರಗು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಾ ತನ್ನ ಬುಟ್ಟಿ ಎತ್ತಿಕೊಂಡು ಹೋದಳು. ಅವಳೂ ನೀರಿಲ್ಲದ ಊರಿನವಳೇ. ಡಾಂಬರು ಕರಗಿ ಆದ ಕರೀ ಗುಂಡಿ ಎಷ್ಟೋ ತಿಂಗಳು ಹಾಗೇ ಇತ್ತು. ಹೋಳಿಯಲ್ಲಿ ನಾವು ಕಾಮಣ್ಣನನ್ನು ಸುಡುವುದಿಲ್ಲವೇ? ಕಟ್ಟಿಗೆ, ಕುಳ್ಳು ಹಾಕಿ ಸುಡುತ್ತೇವೆ, ಹುಡುಗರು ಬಾಯಿ ಬಡಿದುಕೊಳ್ಳುತ್ತಾರೆ. ಆಮೇಲೆ ಆ ಬೆಂಕಿಯನ್ನೇ ಮನೆಗೆ ತಂದು ಒಲೆ ಹೊತ್ತಿಸುತ್ತೇವೆ, ಅದರಲ್ಲಿ ಕಡಲೆ ಸುಟ್ಟು ತಿನ್ನುತ್ತೇವೆ. ಟೈರಿನ ಬೆಂಕಿಯನ್ನು ಯಾರು ಮನೆಗೆ ತರುತ್ತಾರೆ? ಮನೆಗೆ ತರಲಾಗದ ಬೆಂಕಿಯನ್ನು ಊರಿನ ನಡುವೆ ಯಾಕೆ ಹಚ್ಚಬೇಕು?

ನನ್ನ ತಮ್ಮ ಈಗ ಟೈರ್ ಹಾಕುವುದಿಲ್ಲ. ಚಪ್ಪಲಿ ಹಾರದ ಬಗ್ಗೆ ಇನ್ನೂ ಜಗಳ ಇದೆ.

ಪತ್ರಿಕೆಯವರಿಗೆ ಎರಡು ಮಾತು. ಆ ಶೀರ್ಷಿಕೆ ತಪ್ಪಾಯಿತು ಎಂದು ಒಂದು ಸಾಲು ಹಾಕಿ, ಅದೇ ಜಿಲ್ಲಾ ಪುಟದಲ್ಲಿ. ನಮ್ಮ ಅಣ್ಣನ ಮಗಳಿಗೆ ಅದನ್ನು ಕತ್ತರಿಸಿ ಕೊಡುತ್ತೇನೆ. ಎರಡನೆಯದು, ಮುಂದಿನ ಭಾದ್ರಪದದ ಅಷ್ಟಮಿಗೆ ನಿಮ್ಮ ವರದಿಗಾರರನ್ನು ನಮ್ಮೂರಿಗೆ ಕಳಿಸಿ. ಫೋಟೊ ತೆಗೆದು ಹೊರಟುಬಿಡುವುದು ಬೇಡ, ಹುಣ್ಣಿಮೆಯವರೆಗೆ ಇರಲಿ. ಅವ್ವ ಈಗಿಲ್ಲ, ಗೊಂಬೆ ನಾನೇ ಮಾಡುತ್ತೇನೆ. ಬೆಳಗ್ಗೆ ಆರಕ್ಕೆ ಮಣ್ಣು ತುಳಿಯುತ್ತೇವೆ, ಒಂಬತ್ತಕ್ಕೆ ಬುಟ್ಟಿ ಹೊರಡುತ್ತದೆ. ಊಟ ನಮ್ಮ ಮನೆಯಲ್ಲೇ, ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ನಿಮ್ಮ ಕಚೇರಿಯವರ ಪರವಾಗಿ ಮೇಲೆ ಹೇಳಿ ಕಳಿಸುವುದು ಏನಾದರೂ ಇದ್ದರೆ, ಒಂದು ಚೂರು ಬೆಣ್ಣೆ ತರಲು ಹೇಳಿ.

ಇಂತಿ ನಿಮ್ಮ ಓದುಗಾರ್ತಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ
ನರಗುಂದ ತಾಲ್ಲೂಕು, ಗದಗ ಜಿಲ್ಲೆ